ಅನುಕರಣ ಶಬ್ದಗಳ ಅರ್ಥವಿಚಾರ: ಕಾಚಿಗೂಡದ ಮಾತು, ಜಪಾನಿನ ನಿದರ್ಶನ

1

ಕನ್ನಡದ ಶಾಲಾವ್ಯಾಕರಣಗಳಲ್ಲಿ ಅವ್ಯಯಗಳನ್ನು ವಿಂಗಡಿಸುವಾಗ ಅನುಕರಣಾವ್ಯಯವೆಂಬ ಒಂದು ವರ್ಗವನ್ನು ಹೇಳುವುದು ವಾಡಿಕೆ. ಅರ್ಥವಿಲ್ಲದ ಧ್ವನಿಗಳನ್ನು ಕೇಳಿದಂತೆಯೇ ಮತ್ತೆ ನುಡಿದು ತೋರಿಸುವ ಶಬ್ದಗಳು ಈ ವರ್ಗಕ್ಕೆ ಸೇರುತ್ತವೆ ಎಂಬುದು ಅಲ್ಲಿಯ ಲಕ್ಷಣದ ಸಾರಾಂಶ. ಪಟಪಟ, ದಬದಬ, ಚಟಚಟ, ಧಗಧಗ ಎಂದು ನಾಲ್ಕಾರು ಉದಾಹರಣೆಗಳನ್ನು ಕೊಟ್ಟು ಆ ಭಾಗವನ್ನು ಮುಗಿಸುತ್ತಾರೆ. ವಿದ್ಯಾರ್ಥಿ ಅದನ್ನು ಬಾಯಿಪಾಠ ಮಾಡಿ ಮುಂದಿನ ಪಾಠಕ್ಕೆ ಹೋಗುತ್ತಾನೆ. ಪಂಡಿತನೂ ಬಹುಮಟ್ಟಿಗೆ ಅಷ್ಟೇ ಮಾಡುತ್ತ ಬಂದಿದ್ದಾನೆ.

ಈ ಲಕ್ಷಣವು ಎಷ್ಟರಮಟ್ಟಿಗೆ ಸರಿ ಎಂಬುದನ್ನು ಅದೇ ಉದಾಹರಣೆಗಳಿಂದ ಪರೀಕ್ಷಿಸಬಹುದು. ಪಟಪಟ ಎಂಬುದು ಹನಿ ಬೀಳುವ ಸದ್ದು. ದಬದಬ ಎಂಬುದು ಬಾಗಿಲು ಬಡಿಯುವ ಸದ್ದು. ಇವೆರಡರಲ್ಲೂ ಕಿವಿಗೆ ಬಿದ್ದುದನ್ನು ಬಾಯಿ ಅನುಕರಿಸಿದೆ. ಆದರೆ ಕೆಂಡವು ನಿಗಿನಿಗಿ ಹೊಳೆಯುತ್ತದೆ ಎಂದಾಗ ಅನುಕರಿಸಿದ ಸದ್ದು ಯಾವುದು? ತಿಕ್ಕಿ ತೊಳೆದ ಹಿತ್ತಾಳೆಯ ಬಿಂದಿಗೆ ಥಳಥಳ ಎನ್ನುವಾಗ, ಎಣ್ಣೆ ತೀರಿದ ದೀಪ ಮಿಣಮಿಣ ಎನ್ನುವಾಗ, ಮಲ್ಲಿಗೆ ಘಮಘಮ ಎನ್ನುವಾಗ, ನಿದ್ದೆಯಿಂದೆದ್ದ ಮಗು ಪಿಳಿಪಿಳಿ ಕಣ್ಣು ಬಿಡುವಾಗ ಕಿವಿಗೆ ಕೇಳುವುದು ಏನೂ ಇಲ್ಲ. ಬೆಳಕಿಗೂ ಪರಿಮಳಕ್ಕೂ ರೆಪ್ಪೆಯ ಚಲನೆಗೂ ಧ್ವನಿಯಿಲ್ಲ. ಆದರೂ ಕನ್ನಡವು ಅವಕ್ಕೆ ಧ್ವನಿಯನ್ನು ಕೊಟ್ಟಿದೆ. ಇದಕ್ಕಿಂತ ಹೆಚ್ಚಿನ ವಿಚಿತ್ರವೆಂದರೆ, ಕತ್ತಲೆ ಗವ್ ಎನ್ನುತ್ತದೆ; ಜನರಿಲ್ಲದ ಮನೆ ಬಿಕೋ ಎನ್ನುತ್ತದೆ. ಸದ್ದೇ ಇಲ್ಲವೆಂಬುದನ್ನು ಒಂದು ಸದ್ದಿನಿಂದ ಹೇಳುವ ಈ ಪ್ರಯೋಗವನ್ನು ಅನುಕರಣವೆಂದು ಕರೆದರೆ ಆ ಮಾತಿಗೆ ಅರ್ಥ ಉಳಿಯುವುದಿಲ್ಲ.

ಆದುದರಿಂದ ಪ್ರಚಲಿತ ಲಕ್ಷಣದಲ್ಲಿ ಎರಡು ದೋಷಗಳಿವೆ. ಒಂದು, ಅದು ವರ್ಗದ ಒಂದು ಭಾಗಕ್ಕೆ ಮಾತ್ರ ಅನ್ವಯಿಸುತ್ತದೆ. ಎರಡು, ಅರ್ಥವಿಲ್ಲದ ಧ್ವನಿ ಎಂದು ಹೇಳುವ ಮೂಲಕ ಈ ಶಬ್ದಗಳಿಗೆ ಅರ್ಥವಿಲ್ಲವೆಂಬ ಭಾವನೆಯನ್ನು ಅದು ಬೆಳೆಸುತ್ತದೆ. ಎರಡನೆಯದು ಹೆಚ್ಚಿನ ದೋಷ. ಏಕೆಂದರೆ ಅನುಭವದ ಅತಿ ಸೂಕ್ಷ್ಮವಾದ ಭೇದಗಳನ್ನು ಕನ್ನಡವು ಇಟ್ಟುಕೊಂಡಿರುವುದು ಈ ಶಬ್ದಗಳಲ್ಲಿಯೇ. ಅರ್ಥವಿಲ್ಲವೆಂದು ತಿಳಿದುದನ್ನು ಯಾರೂ ಸಂಗ್ರಹಿಸುವುದಿಲ್ಲ. ಸಂಗ್ರಹಿಸದ ನುಡಿ ಪರಭಾಷೆಯ ನಡುವೆ ಬಾಳುವ ಮನೆಗಳಲ್ಲಿ ಮೊದಲು ಕಳೆದುಹೋಗುತ್ತದೆ.

2

ಈ ವಿಷಯದಲ್ಲಿ ಕನ್ನಡಕ್ಕೆ ಸಂಬಂಧವೇ ಇಲ್ಲದ ದೂರದ ಒಂದು ನುಡಿಯ ನಿದರ್ಶನವು ಉಪಯುಕ್ತವಾಗಿದೆ. ಜಪಾನೀ ಭಾಷೆಯಲ್ಲಿ ಇಂಥ ಶಬ್ದಗಳ ಸಂಖ್ಯೆ ಬಹು ದೊಡ್ಡದು. 2007ರಲ್ಲಿ ಟೋಕಿಯೋದಲ್ಲಿ ಪ್ರಕಟವಾದ, ಈ ಶಬ್ದಗಳಿಗೇ ಮೀಸಲಾದ ಒಂದು ನಿಘಂಟಿನಲ್ಲಿ ಸುಮಾರು 4,500 ಶಬ್ದಗಳಿವೆ. ಅವು ಮಕ್ಕಳ ಮಾತಿಗೆ ಸೀಮಿತವಾದವಲ್ಲ. ಅಡುಗೆಮನೆಯಲ್ಲಿ, ಅಂಗಡಿಯಲ್ಲಿ, ವೈದ್ಯನ ಮುಂದೆ, ಪತ್ರಿಕೆಯ ಜಾಹೀರಾತಿನಲ್ಲಿ ಹಿರಿಯರು ನಿತ್ಯವೂ ಬಳಸುವ ಶಬ್ದಗಳು ಅವು.

ಅಲ್ಲಿಯ ವಿದ್ವಾಂಸರು ಇವನ್ನು ಒಂದೇ ಗುಂಪಿನಲ್ಲಿ ಹಾಕಿಲ್ಲ. ಪ್ರಾಣಿ ಮನುಷ್ಯರ ಕೂಗನ್ನು ಹೇಳುವವು ಗಿಸೇಗೊ. ಇತರ ಸದ್ದುಗಳನ್ನು ಹೇಳುವವು ಗಿಯೊಂಗೊ. ಸದ್ದಿಲ್ಲದ ಸ್ಥಿತಿ ಚಲನೆಗಳನ್ನು ಹೇಳುವವು ಗಿತೈಗೊ. ಮನಸ್ಸಿನ ಅವಸ್ಥೆಯನ್ನು ಹೇಳುವವು ಗಿಜೋಗೊ. ನಾಯಿಯ ಬೊಗಳು ವನ್‌ವನ್. ಮಳೆ ಜೋರಾಗಿ ಸುರಿಯುವುದು ಜ಼ಾಜ಼ಾ. ನಕ್ಷತ್ರ ಮಿನುಗುವುದು ಕಿರಕಿರ. ಮನಸ್ಸು ಸಿಡಿಮಿಡಿಗೊಳ್ಳುವುದು ಇರಇರ. ಸದ್ದಿನ ಶಬ್ದಗಳನ್ನು ಕಟಕಾನ ಲಿಪಿಯಲ್ಲಿಯೂ ಸ್ಥಿತಿಯ ಶಬ್ದಗಳನ್ನು ಹಿರಗಾನ ಲಿಪಿಯಲ್ಲಿಯೂ ಬರೆಯುವ ಸಾಮಾನ್ಯ ರೂಢಿಯೂ ಅಲ್ಲಿದೆ. ನಿಶ್ಶಬ್ದಕ್ಕೆ ಅವರಲ್ಲಿ ಶೀನ್ ಎಂಬ ಶಬ್ದವಿದೆ. ಜಪಾನೀ ಚಿತ್ರಕಥೆಗಳಲ್ಲಿ ಎಲ್ಲರೂ ಮಾತು ನಿಲ್ಲಿಸಿದ ಕ್ಷಣವನ್ನು ಚಿತ್ರದ ಮೇಲೆ ಈ ಶಬ್ದವನ್ನೇ ಬರೆದು ತೋರಿಸುತ್ತಾರೆ. ಕನ್ನಡದ ಬಿಕೋ ಎಂಬುದಕ್ಕೆ ಇದು ನೆರೆಯ ಶಬ್ದ. ಆದರೆ ಶೀನ್ ಎಂಬುದರಲ್ಲಿ ಮೌನವೊಂದೇ ಇದೆ. ಬಿಕೋ ಎಂಬುದರಲ್ಲಿ ಮೌನದೊಂದಿಗೆ ಇದ್ದವರು ಇಲ್ಲವಾದರೆಂಬ ಕೊರತೆಯೂ ಇದೆ. ಮದುವೆ ಮುಗಿದ ಮರುದಿನದ ಮನೆ ಬಿಕೋ ಎನ್ನುತ್ತದೆ. ಎಂದೂ ಜನವಿಲ್ಲದ ಬೆಟ್ಟದ ತುದಿ ಹಾಗೆನ್ನುವುದಿಲ್ಲ.

ಜಪಾನೀ ವಿಂಗಡಣೆಯನ್ನು ಕನ್ನಡಕ್ಕೆ ಅನ್ವಯಿಸಿದರೆ ಶಾಲಾವ್ಯಾಕರಣದ ಒಂದು ವರ್ಗ ನಾಲ್ಕಾಗಿ ಒಡೆಯುತ್ತದೆ. ಕಾವ್‌ಕಾವ್, ಬೌಬೌ ಮುಂತಾದವು ಕೂಗಿನ ಶಬ್ದಗಳು. ಚಟಚಟ, ಗಣಗಣ, ಕಟಕಟ ಮುಂತಾದವು ಸದ್ದಿನ ಶಬ್ದಗಳು. ಥಳಥಳ, ನಿಗಿನಿಗಿ, ಗಿರಗಿರ, ಥರಥರ ಮುಂತಾದವು ಸ್ಥಿತಿ ಮತ್ತು ಚಲನೆಯ ಶಬ್ದಗಳು. ಎದೆ ಝಲ್ಲೆನ್ನುವುದು, ಮೈ ಜುಮ್ಮೆನ್ನುವುದು, ಜೀವ ಧಸಕ್ಕೆನ್ನುವುದು ಒಳಗಿನ ಅವಸ್ಥೆಯ ಶಬ್ದಗಳು. ಈ ನಾಲ್ಕರಲ್ಲಿ ಮೊದಲ ಎರಡನ್ನು ಮಾತ್ರ ಅನುಕರಣವೆನ್ನಬಹುದು. ಉಳಿದವುಗಳಿಗೆ ಚಿತ್ರಣ ಶಬ್ದಗಳೆಂಬ ಹೆಸರು ಹೆಚ್ಚು ಒಪ್ಪುತ್ತದೆ.

3

ಇವು ಬಾಯಿಗೆ ಬಂದಂತೆ ಹುಟ್ಟುವ ಶಬ್ದಗಳೆಂಬ ಇನ್ನೊಂದು ಎಣಿಕೆಯೂ ಉಂಟು. ಆದರೆ ಇವುಗಳ ರಚನೆಯನ್ನು ನೋಡಿದರೆ ಅಲ್ಲಿ ಒಂದು ವ್ಯವಸ್ಥೆಯೇ ಕಾಣುತ್ತದೆ. ಒಂದೇ ಸಲ, ತಟಕ್ಕನೆ ಆಗುವ ಕ್ರಿಯೆಗೆ ಒಂಟಿ ರೂಪ ಬರುತ್ತದೆ: ಥಟ್ಟನೆ ನಿಂತನು, ದೊಪ್ಪನೆ ಬಿದ್ದನು. ಆಗಿ ಒಡನೆಯೇ ಮುಗಿಯುವ, ಸ್ವಲ್ಪ ಕದ್ದುಮುಚ್ಚಿದ ಚಲನೆಗೆ ನಡುವೆ ಕಕಾರದ ಒತ್ತು ಬರುತ್ತದೆ: ಸರಕ್ಕನೆ ಜಾರಿದನು, ಕಿಸಕ್ಕನೆ ನಕ್ಕಳು, ಪುಸಕ್ಕನೆ ಒಳಗೆ ಹೋಯಿತು. ಬಿಡದೆ ಮುಂದುವರಿಯುವುದಕ್ಕೆ ದ್ವಿರುಕ್ತಿ: ಸರಸರ ನಡೆದನು, ಕಿಸಿಕಿಸಿ ನಕ್ಕರು. ಹರಡಿ ನಿಲ್ಲುವುದಕ್ಕೆ ದೀರ್ಘಸ್ವರ: ಗೊಳೋ ಎಂದು ಅತ್ತರು, ಧೋ ಎಂದು ಮಳೆ ಸುರಿಯಿತು. ಇದೇ ಮೂಲಗಳಿಗೆ ಗುಟ್ಟು, ಗುಡು, ಇಸು ಎಂಬವು ಸೇರಿ ಕ್ರಿಯಾಪದಗಳಾಗುತ್ತವೆ: ಬುಸುಗುಟ್ಟು, ಗಿಜಿಗುಡು, ಥಳಥಳಿಸು.

ಜಪಾನಿಯಲ್ಲಿ ಮಿಂಚಿನಂತೆ ಒಮ್ಮೆ ಹೊಳೆದರೆ ಪಿಕತ್, ಹೊಳೆದು ಮುಗಿದುದನ್ನು ಹೇಳುವಾಗ ಪಿಕರಿ, ಸದಾ ಹೊಳೆಯುತ್ತಿದ್ದರೆ ಪಿಕಪಿಕ. ಒಂದು ಮೂಲವನ್ನು ಹಿಡಿದು ಕಾಲದ ಪರಿಮಾಣವನ್ನು ರೂಪದಿಂದಲೇ ತೋರಿಸುವ ಉಪಾಯ ಎರಡು ನುಡಿಗಳಿಗೂ ಸಮಾನವಾಗಿದೆ.

ಅಕ್ಷರಗಳ ಆಯ್ಕೆಯಲ್ಲಿಯೂ ಕ್ರಮವಿದೆ. ಜಪಾನಿಯಲ್ಲಿ ಸಣ್ಣ ಗುಂಡು ಉರುಳುವುದು ಕೊರೊಕೊರೊ. ಬಂಡೆ ಉರುಳುವುದು ಗೊರೊಗೊರೊ. ಹಿತವಾದ ಮಿನುಗು ಕಿರಕಿರ. ಕಣ್ಣು ಕುಕ್ಕುವ ಹೊಳಪು ಗಿರಗಿರ. ಕರ್ಕಶ ವರ್ಣ ಮೃದುವಾದ ಕೂಡಲೇ ವಸ್ತು ದೊಡ್ಡದಾಗುತ್ತದೆ, ಭಾರವಾಗುತ್ತದೆ, ಒರಟಾಗುತ್ತದೆ. ಕನ್ನಡದಲ್ಲಿಯೂ ತೊಪ್ಪನೆ ಬಿದ್ದುದಕ್ಕಿಂತ ದೊಪ್ಪನೆ ಬಿದ್ದುದು ಭಾರ; ಟಪಟಪ ಎನ್ನುವುದಕ್ಕಿಂತ ದಬದಬ ಎನ್ನುವುದು ಬಲವಾದ ಬಡಿತ. ಸ್ವರದ ವಿಷಯವೂ ಹೀಗೆಯೇ: ಗೆಜ್ಜೆ ಕಿಣಿಕಿಣಿ, ದೇವಸ್ಥಾನದ ಗಂಟೆ ಗಣಗಣ. ಇಕಾರ ಕಿರಿದು, ಅಕಾರ ಹಿರಿದು. ಎಡ್ವರ್ಡ್ ಸಪೀರ್ 1929ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಮಿಲ್, ಮಲ್ ಎಂಬ ಎರಡು ಕಲ್ಪಿತ ಶಬ್ದಗಳನ್ನು ಕೊಟ್ಟು, ಒಂದು ಸಣ್ಣ ಮೇಜು, ಒಂದು ದೊಡ್ಡ ಮೇಜು, ಯಾವುದು ಯಾವುದೆಂದು ಕೇಳಿದಾಗ, ಬಹುಪಾಲು ಜನರು ಮಲ್ ಎಂಬುದನ್ನೇ ದೊಡ್ಡದೆಂದು ಆರಿಸಿದರು.

ಇದನ್ನು ಅತಿಯಾಗಿ ಎಳೆಯಬಾರದು. ಕನ್ನಡದಲ್ಲಿ ಈ ಕ್ರಮವು ಜಪಾನಿಯಲ್ಲಿರುವಷ್ಟು ನಿಯತವಲ್ಲ. ಜಾತ್ರೆಯ ದೊಡ್ಡ ಗುಂಪು ಗಿಜಿಗಿಜಿ ಎನ್ನುವಾಗ ಇಕಾರವೇ ಬಂದಿದೆ. ಅಲ್ಲದೆ ಧ್ವನಿಯಿಂದಲೇ ಅರ್ಥ ಹುಟ್ಟುವುದಾದರೆ ಎಲ್ಲ ನುಡಿಗಳಲ್ಲಿಯೂ ಒಂದೇ ಶಬ್ದವಿರಬೇಕಾಗಿತ್ತು. ಜಪಾನಿನವನಿಗೆ ಕಿರಕಿರ ಎಂದರೆ ನಕ್ಷತ್ರದ ಸೊಗಸು. ಕನ್ನಡಿಗನಿಗೆ ಕಿರಿಕಿರಿ ಎಂದರೆ ಪೀಡೆ. ಅವನಿಗೆ ಗಿರಗಿರ ಎಂದರೆ ಉರಿಬಿಸಿಲಿನ ಹೊಳಪು. ಇವನಿಗೆ ಅದು ಬುಗುರಿ ತಿರುಗುವ ಪರಿ. ಧ್ವನಿಯ ಗುಣ ದಾರಿಯನ್ನು ತೋರಿಸುತ್ತದೆ. ಅರ್ಥವನ್ನು ನಿಲ್ಲಿಸುವುದು ರೂಢಿ. ರೂಢಿಯಿಂದ ನಿಂತ ಅರ್ಥವುಳ್ಳುದು ಶಬ್ದವೇ ಹೊರತು ಬರಿಯ ಧ್ವನಿಯಲ್ಲ. 1916ರಲ್ಲಿ ಪ್ರಕಟವಾದ ಸೊಸ್ಯೂರರ ಉಪನ್ಯಾಸಗಳಲ್ಲಿ ಅನುಕರಣ ಶಬ್ದಗಳು ಸಂಖ್ಯೆಯಲ್ಲಿ ಅಲ್ಪ, ಭಾಷೆಯ ವ್ಯವಸ್ಥೆಗೆ ಹೊರಗಿನವು ಎಂದಿದೆ. ಅವುಗಳಲ್ಲಿ ರೂಢಿಯ ಪಾತ್ರವುಂಟೆಂದು ಅವರು ಹೇಳಿದುದು ನಿಜ. ಆದರೆ ಅಲ್ಪವೆಂದುದು ಯೂರೋಪಿನ ನುಡಿಗಳಿಗೆ ಒಪ್ಪೀತೇ ಹೊರತು ಕನ್ನಡ, ಜಪಾನಿಗಳಿಗೆ ಒಪ್ಪುವುದಿಲ್ಲ.

ರೂಢಿಯ ಬಿಗಿಯನ್ನು ಸಹಪ್ರಯೋಗದಲ್ಲಿ ಚೆನ್ನಾಗಿ ಕಾಣಬಹುದು. ಎಳೆಯ ಮಗು ಕುಲುಕುಲು ನಗುತ್ತದೆ. ಗೆಳತಿಯರು ಕಿಸಿಕಿಸಿ ನಗುತ್ತಾರೆ. ನಗುವನ್ನು ಅಡಗಿಸಿಕೊಂಡವನು ಮುಸಿಮುಸಿ ನಗುತ್ತಾನೆ. ರಂಗದ ಮೇಲಿನ ರಾಕ್ಷಸ ಗಹಗಹಿಸುತ್ತಾನೆ. ರಾಕ್ಷಸನು ಕುಲುಕುಲು ನಕ್ಕನೆಂದರೆ ಸಭೆಯೇ ನಗುತ್ತದೆ. ಅರ್ಥವಿಲ್ಲದ ಶಬ್ದವಾಗಿದ್ದರೆ ಅದರಲ್ಲಿ ತಪ್ಪು ಮಾಡುವುದಕ್ಕೆ ಅವಕಾಶವೇ ಇರುತ್ತಿರಲಿಲ್ಲ.

4

ವ್ಯಾಕರಣದ ದೃಷ್ಟಿಯಿಂದ ಇನ್ನೆರಡು ಸಾಮ್ಯಗಳು ಗಮನಾರ್ಹವಾಗಿವೆ. ಮೊದಲನೆಯದು ಈ ಶಬ್ದಗಳನ್ನು ವಾಕ್ಯಕ್ಕೆ ಕೂಡಿಸುವ ರೀತಿ. ಕನ್ನಡದಲ್ಲಿ ಅದನ್ನು ಮಾಡುವುದು ‘ಎನ್’ ಧಾತು: ಧಗ್ಗೆಂದು ಹತ್ತಿತು, ಝಲ್ಲೆಂದಿತು, ಭಣಭಣ ಎನ್ನುತ್ತದೆ. ಮನುಷ್ಯನ ಮಾತನ್ನು ಉದ್ಧರಿಸುವ ಧಾತುವೇ ಬೆಂಕಿಯ, ಎದೆಯ, ಬರಿದಾದ ಮನೆಯ ಮಾತನ್ನೂ ಉದ್ಧರಿಸುತ್ತದೆ. ಜಪಾನಿಯಲ್ಲಿ ಈ ಕೆಲಸವನ್ನು ಮಾಡುವುದು ‘ತೊ’ ಎಂಬ ಪ್ರತ್ಯಯ. ಒಬ್ಬರು ಹೇಳಿದ ಮಾತನ್ನು ‘ಎಂದು’ ಎಂದು ಎತ್ತಿ ಹೇಳುವುದಕ್ಕೂ ಅವರಲ್ಲಿ ಅದೇ ‘ತೊ’ ಬರುತ್ತದೆ. ಎರಡು ನುಡಿಗಳಲ್ಲಿಯೂ ಈ ಶಬ್ದಗಳು ವಸ್ತುವಿನ ವರ್ಣನೆಯಾಗಿ ಬಾರದೆ ವಸ್ತುವಿನ ಉಕ್ತಿಯಾಗಿ ಬರುತ್ತವೆ. ಕನ್ನಡಿಗನು ದೀಪ ಮಂದವಾಗಿದೆ ಎಂದಾಗ ದೀಪದ ವಿಷಯವಾಗಿ ತಾನು ಹೇಳುತ್ತಾನೆ. ಮಿಣಮಿಣ ಎನ್ನುತ್ತಿದೆ ಎಂದಾಗ ದೀಪಕ್ಕೇ ಮಾತು ಬಿಟ್ಟುಕೊಡುತ್ತಾನೆ. ಈ ಶಬ್ದಗಳು ಬಂದ ಮಾತು ಕೇಳುವವನ ಕಣ್ಣಿಗೆ ಕಟ್ಟುವುದಕ್ಕೆ ಕಾರಣ ಇದೇ.

ಎರಡನೆಯದು ಧ್ವನಿನಿಯಮಗಳಿಂದ ಇವಕ್ಕಿರುವ ವಿನಾಯಿತಿ. ಹಳಗನ್ನಡದ ಪಾಲು, ಪೂ, ಪಸಿವು ಎಂಬವು ಹೊಸಗನ್ನಡದಲ್ಲಿ ಹಾಲು, ಹೂವು, ಹಸಿವು ಆದುವು. ಪೊಳೆ ಎಂಬುದು ಹೊಳೆ ಆಯಿತು. ಆದರೆ ಪಟಪಟ ಎಂಬುದು ಹಟಹಟ ಆಗಲಿಲ್ಲ. ಪಿಸುಪಿಸು ಎಂಬುದು ಹಿಸುಹಿಸು ಆಗಲಿಲ್ಲ. ಹೊಳೆಯುವ ವಸ್ತು ಇಂದಿಗೂ ಪಳಪಳ ಎಂದೇ ಹೊಳೆಯುತ್ತದೆ. ಆಶ್ಚರ್ಯವೆಂದರೆ ಜಪಾನೀ ಭಾಷೆಯ ಚರಿತ್ರೆಯಲ್ಲಿಯೂ ಪದಾದಿಯ ಪಕಾರ ಕ್ರಮವಾಗಿ ಹಕಾರವಾಗಿದೆ. ಅಲ್ಲಿಯೂ ಈ ಶಬ್ದಗಳು ಹಿಂದೆ ಉಳಿದಿವೆ. ಕೋಳಿಮರಿಗೆ ಅವರಲ್ಲಿ ಹಿಯೊಕೊ ಎಂದು ಹೆಸರು. ಆದರೆ ಅದು ಕೂಗುವುದು ಪಿಯೊಪಿಯೊ ಎಂದು. ಹೊಳೆ ಎಂಬ ಕ್ರಿಯೆಗೆ ಹಿಕರು. ಹೊಳೆಯುವ ಪರಿಗೆ ಪಿಕಪಿಕ. ಸಾವಿರಾರು ಮೈಲಿಗಳ ಅಂತರದಲ್ಲಿ, ಪರಸ್ಪರ ಸಂಪರ್ಕವಿಲ್ಲದೆ, ಎರಡು ನುಡಿಗಳು ಒಂದೇ ವರ್ಣವನ್ನು ಒಂದೇ ಕಡೆಗೆ ಸಾಗಿಸಿ, ಒಂದೇ ಜಾತಿಯ ಶಬ್ದಗಳನ್ನು ಅದರಿಂದ ಬಿಡಿಸಿಟ್ಟಿವೆ.

ಮಹಾಪ್ರಾಣದ ವಿಷಯವೂ ಇದಕ್ಕೆ ಸೇರಿದುದು. ಅಚ್ಚಗನ್ನಡ ಪದಗಳಲ್ಲಿ ಮಹಾಪ್ರಾಣ ವಿರಳ. ಪದದ ಮೊದಲಲ್ಲಿ ಟಕಾರ ಡಕಾರಗಳೂ ವಿರಳ. ಆದರೆ ಧಗಧಗ, ಘಮಘಮ, ಝಣಝಣ, ಥರಥರ, ಢವಢವ, ಟಣಟಣ ಎನ್ನುವಾಗ ಆ ನಿಷೇಧಗಳು ಇಲ್ಲವಾಗುತ್ತವೆ. ಸಂಸ್ಕೃತವನ್ನು ಕಲಿಯದವನ ಬಾಯಲ್ಲಿಯೂ ಇಲ್ಲಿ ಮಹಾಪ್ರಾಣ ತಾನಾಗಿ ಬರುವುದುಂಟು. ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಅವ್ಯಯಕ್ಕೆ ಒಂದು ಪ್ರಕರಣವೇ ಇದೆ. ಆ ಸಂಪ್ರದಾಯದಲ್ಲಿ ಬಂದ ಹೊಸ ವ್ಯಾಕರಣಗಳು ಹೆಸರನ್ನು ಉಳಿಸಿಕೊಂಡು ವಿವರಣೆಯನ್ನು ಮುಂದುವರಿಸದೆ ಬಿಟ್ಟಿವೆ.

5

ಮರ್ರೆ ಎಮಿನೋ ಎಂಬ ವಿದ್ವಾಂಸರು ಭಾರತವು ಒಂದು ಭಾಷಾಕ್ಷೇತ್ರವೆಂಬ ವಾದವನ್ನು 1956ರಲ್ಲಿ ಮಂಡಿಸಿ, 1969ರಲ್ಲಿ ಅನುಕರಣ ಶಬ್ದಗಳನ್ನು ಕುರಿತೇ ಒಂದು ಪ್ರಬಂಧವನ್ನು ಬರೆದರು. ದ್ರಾವಿಡ ಮತ್ತು ಆರ್ಯ ಭಾಷೆಗಳು ಮೂಲದಲ್ಲಿ ಬೇರೆಯಾದರೂ ಈ ಶಬ್ದಗಳಲ್ಲಿ ಪರಸ್ಪರ ಹಂಚಿಕೊಂಡಿವೆ ಎಂಬುದು ಅವರ ಪ್ರತಿಪಾದನೆ. ಇದನ್ನು ಪುಸ್ತಕವಿಲ್ಲದೆ ಪರೀಕ್ಷಿಸಬೇಕಾದರೆ ಹೈದರಾಬಾದಿನ ಕಾಚಿಗೂಡಕ್ಕಿಂತ ತಕ್ಕ ಸ್ಥಳ ವಿರಳ.

ಕಲಬುರಗಿ, ರಾಯಚೂರು, ಬೀದರ ಪ್ರಾಂತಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದುವು. ಓದಿಗೆ, ನೌಕರಿಗೆ, ವ್ಯಾಪಾರಕ್ಕೆ ಆ ಭಾಗದ ಕನ್ನಡಿಗರು ರಾಜಧಾನಿಗೆ ಬಂದುದು ಸಹಜ. ರಾಜ್ಯಗಳ ಗಡಿ ಬದಲಾದ ಮೇಲೂ ಅನೇಕರು ಇಲ್ಲಿಯೇ ಉಳಿದರು. ಕರ್ನಾಟಕ ಸಾಹಿತ್ಯ ಮಂದಿರವೂ ನೃಪತುಂಗನ ಹೆಸರನ್ನು ಹೊತ್ತ ವಿದ್ಯಾಸಂಸ್ಥೆಯೂ ಕಾಚಿಗೂಡದಲ್ಲಿರುವುದು ಆ ಚರಿತ್ರೆಯ ಗುರುತು. ಇಲ್ಲಿಯ ರೈಲು ನಿಲ್ದಾಣದ ಸುತ್ತಿನ ಬೀದಿಗಳಲ್ಲಿ ತೆಲುಗು, ದಖನಿ ಉರ್ದು, ಹಿಂದಿ, ಮರಾಠಿ, ಕನ್ನಡ ಎಲ್ಲವೂ ಕಿವಿಗೆ ಬೀಳುತ್ತವೆ.

ಹೆದರಿದವನ ಎದೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಕನ್ನಡದಲ್ಲಿ ಅದು ಢವಢವ, ತೆಲುಗಿನಲ್ಲಿ ದಡದಡ, ಮರಾಠಿಯಲ್ಲಿ ಧಡಧಡ, ಹಿಂದುಸ್ಥಾನಿಯಲ್ಲಿ ಧಕ್‌ಧಕ್. ಜಪಾನಿನವನ ಎದೆ ದೊಕಿದೊಕಿ ಎನ್ನುತ್ತದೆ. ಎಲ್ಲದರಲ್ಲೂ ಮೊದಲ ವರ್ಣ ಘೋಷವುಳ್ಳುದು, ಎಲ್ಲದರಲ್ಲೂ ದ್ವಿರುಕ್ತಿ. ಆದರೂ ಒಂದೊಂದು ನುಡಿಯ ಎದೆಗೆ ಒಂದೊಂದು ಬಡಿತ. ಕೂಡಿಸುವ ರೀತಿಯಲ್ಲಿ ತೆಲುಗು ಕನ್ನಡದ ಜೊತೆಗೆ ನಿಲ್ಲುತ್ತದೆ: ಇಲ್ಲಿ ಝಲ್ಲೆಂದಿತು, ಅಲ್ಲಿ ಝಲ್ಲುಮಂದಿ, ಎರಡೂ ‘ಅನ್ನು’ ಎಂಬ ಕ್ರಿಯೆಯಿಂದ ಬಂದವು. ಹಿಂದುಸ್ಥಾನಿಯಲ್ಲಿ ಝಟ್ ಸೇ, ಧಮ್ ಸೇ ಎಂದು ವಿಭಕ್ತಿಯಿಂದ ಕೂಡಿಸುವುದುಂಟು. ಆದರೆ ಹೈದರಾಬಾದಿನ ದಖನಿಯಲ್ಲಿ ಒಬ್ಬರ ಮಾತನ್ನೋ ಎಣಿಕೆಯನ್ನೋ ಎತ್ತಿ ಹೇಳುವಲ್ಲಿ ‘ಬೋಲ್‌ಕೇ’ ಎಂಬುದು ಬರುತ್ತದೆ. ‘ಎಂದು’, ‘ಅನಿ’ ಎಂಬ ದ್ರಾವಿಡ ರೀತಿಯೇ ಉರ್ದುವಿನ ಉಡುಪು ತೊಟ್ಟು ನಿಂತಂತೆ ಅದು ಕಾಣುತ್ತದೆ.

ಇಂಥ ನೆರೆಹೊರೆಯಲ್ಲಿ ಶಬ್ದಗಳು ಬೆರೆಯುವುದು ತಪ್ಪಲ್ಲ. ಉತ್ತರ ಕರ್ನಾಟಕದ ಮಾತಿನ ‘ಗಪ್ ಕೂಡು’ ಎಂಬುದರಲ್ಲಿರುವ ಗಪ್ ಎಂಬುದು ಹಿಂದುಸ್ಥಾನಿಯ ಗುಪ್‌ಚುಪ್ ಎಂಬುದರ ನಂಟು. ಇಂದು ಅದನ್ನು ಯಾರೂ ಪರಕೀಯವೆಂದು ಎಣಿಸುವುದಿಲ್ಲ. ವಿಚಾರಿಸಬೇಕಾದುದು ಬೇರೊಂದು: ಬೆರಕೆಯಲ್ಲಿ ಭೇದಗಳು ಉಳಿಯುತ್ತವೆಯೋ ಅಳಿಯುತ್ತವೆಯೋ ಎಂಬುದು. ತೆಲುಗಿನಲ್ಲಿ ನಿಗನಿಗ ಎಂದರೆ ಎಣ್ಣೆ ಹಚ್ಚಿದ ಕೂದಲಿನ, ತಿಕ್ಕಿದ ಮರದ ನುಣುಪಾದ ಹೊಳಪು. ಕನ್ನಡದ ನಿಗಿನಿಗಿ ಬೂದಿಯೊಳಗಿನ ಕೆಂಡದ ಕೆಂಪು. ತೆಲುಗಿನಲ್ಲಿ ಗಲಗಲ ಎಂಬುದು ಬಳೆಯ ಸದ್ದು, ನಲಿವಿನ ಮಾತು, ಹರಿಯುವ ನೀರು. ಕನ್ನಡದಲ್ಲಿ ಗಳಗಳ ಎಂಬುದು ತಡವರಿಸದ ಓದು. ಅದೇ ಶಬ್ದ ತಡೆಯಲಾರದ ಅಳು. ಎರಡೂ ನುಡಿಗಳನ್ನು ಬಲ್ಲವನಿಗೆ ಇವು ಎರಡು ಸಂಪತ್ತುಗಳು. ಒಂದನ್ನು ಅರೆ ಬಲ್ಲವನಲ್ಲಿ ಒಂದು ಮತ್ತೊಂದನ್ನು ನುಂಗುತ್ತದೆ. ಸರಸರ, ಬಿರಬಿರ, ದಡದಡ, ಥಟ್ಟನೆ, ಚಕ್ಕನೆ ಎಂಬ ಐದು ವೇಗಗಳಿದ್ದ ಮಾತಿನಲ್ಲಿ ಫಟಾಫಟ್ ಎಂಬ ಒಂದೇ ವೇಗ ಉಳಿದರೆ ಹೊಸ ಶಬ್ದವೊಂದು ಬಂದುದು ಲಾಭವೆನಿಸುವುದಿಲ್ಲ.

6

ಕಾವ್ಯವಿಮರ್ಶೆಯಲ್ಲಿಯೂ ಈ ಶಬ್ದಗಳಿಗೆ ನ್ಯಾಯ ದೊರೆತಿಲ್ಲ. ಕುಮಾರವ್ಯಾಸನ ಯುದ್ಧವರ್ಣನೆಗಳಲ್ಲಿ ಅವು ಧಾರಾಳವಾಗಿ ಬರುತ್ತವೆ. ‘ನಾದಲೀಲೆ’ ಎಂಬ ಹೆಸರನ್ನೇ ಒಂದು ಸಂಕಲನಕ್ಕಿಟ್ಟ ಬೇಂದ್ರೆಯವರ ಕವಿತೆಗಳಲ್ಲಿ ಅವುಗಳ ಕೆಲಸ ಇನ್ನೂ ಸೂಕ್ಷ್ಮವಾದುದು. ವಿಮರ್ಶಕರು ಸಾಮಾನ್ಯವಾಗಿ ಇದನ್ನು ನಾದಮಾಧುರ್ಯವೆಂದು ಹೊಗಳಿ ಕವಿಯ ಪ್ರತಿಭೆಗೆ ಒಪ್ಪಿಸಿಬಿಡುತ್ತಾರೆ. ಆ ಹೊಗಳಿಕೆಯ ಒಳಗೂ ಶಾಲಾವ್ಯಾಕರಣದ ಲಕ್ಷಣವೇ ಅಡಗಿದೆ: ಶಬ್ದಕ್ಕೆ ಅರ್ಥವಿಲ್ಲ, ಇರುವುದು ಇಂಪು ಮಾತ್ರ ಎಂಬ ನಂಬಿಕೆ. ಬೇಂದ್ರೆಯವರು ಧಾರವಾಡದ ಮನೆಮಾತಿನಲ್ಲಿದ್ದ ಅರ್ಥಭೇದಗಳನ್ನು ಬಲ್ಲವರಾಗಿದ್ದರು. ಓದುಗರೂ ಅವನ್ನು ಬಲ್ಲವರೆಂಬ ಭರವಸೆಯಿಂದ ಪ್ರಯೋಗಿಸಿದರು. ಓದುಗನಲ್ಲಿ ಆ ಮಾತು ಉಳಿಯದಿದ್ದರೆ ಕವಿತೆಯಲ್ಲಿ ನಿಜವಾಗಿಯೂ ಇಂಪು ಮಾತ್ರ ಉಳಿಯುತ್ತದೆ. ಹಳಗನ್ನಡದ ಭೋಂಕನೆ ಎಂಬ ಶಬ್ದಕ್ಕೆ ಇಂದು ಟಿಪ್ಪಣಿಯಲ್ಲಿ ‘ತಟ್ಟನೆ’ ಎಂದು ಅರ್ಥ ಬರೆಯಬೇಕಾಗಿದೆ. ಮುಂದೆ ನಿಗಿನಿಗಿ ಎಂಬುದಕ್ಕೂ ‘ಹೊಳೆಯುವಂತೆ’ ಎಂದು ಬರೆಯುವ ಕಾಲ ಬಂದರೆ ಆ ಟಿಪ್ಪಣಿಯಿಂದ ಕೆಂಡ ತಿಳಿಯುವುದಿಲ್ಲ.

ನಿಘಂಟುಗಳ ಸ್ಥಿತಿಯೂ ತೃಪ್ತಿಕರವಲ್ಲ. 1894ರಲ್ಲಿ ಪ್ರಕಟವಾದ ಕಿಟ್ಟೆಲರ ಕೋಶವು ಇಂಥ ಅನೇಕ ಶಬ್ದಗಳನ್ನು ಬಿಡದೆ ಸೇರಿಸಿರುವುದು ಅವರ ಶ್ರದ್ಧೆಗೆ ಸಾಕ್ಷಿ. ಆದರೂ ಹಲವೆಡೆ ಅನುಕರಣ ಧ್ವನಿ ಎಂಬ ಗುರುತೇ ಮುಂದೆ ನಿಲ್ಲುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಬೃಹತ್ಕೋಶವು ಶಾಸನ ಮತ್ತು ಸಾಹಿತ್ಯಗಳ ಪ್ರಯೋಗಗಳನ್ನು ಆಧರಿಸಿದುದು. ಅಂಥ ಕೋಶಕ್ಕೆ ಅದೇ ಸರಿಯಾದ ಕ್ರಮ. ಆದರೆ ಬಾಯಿಂದ ಬಾಯಿಗೆ ಮಾತ್ರ ಸಾಗಿ ಬಂದ ಶಬ್ದ ಗ್ರಂಥದ ಬಲೆಗೆ ಸಿಕ್ಕುವುದು ಆಕಸ್ಮಿಕ.

7

ಇದು ಪಂಡಿತರ ಗೋಷ್ಠಿಗೆ ಮಾತ್ರ ಸೇರಿದ ವಿಷಯವಲ್ಲ ಎಂಬುದಕ್ಕೆ ಜಪಾನಿನಿಂದಲೇ ಒಂದು ನಿದರ್ಶನವಿದೆ. 2011ರ ಮಾರ್ಚ್ 11ರಂದು ಆ ದೇಶದ ಈಶಾನ್ಯದ ತೊಹೊಕು ಪ್ರಾಂತದಲ್ಲಿ ಭೂಕಂಪವೂ ಸುನಾಮಿಯೂ ಸಂಭವಿಸಿದುವು. ಬೇರೆ ಪ್ರಾಂತಗಳಿಂದ ವೈದ್ಯರೂ ದಾದಿಯರೂ ನೆರವಿಗೆ ಹೋದರು. ಅಲ್ಲಿಯ ವೃದ್ಧರು ತಮ್ಮ ನೋವನ್ನು ಹೇಳುತ್ತಿದ್ದುದು ಪ್ರಾಂತೀಯ ನುಡಿಯ ಇಂಥ ಶಬ್ದಗಳಲ್ಲಿ. ಹೊರಗಿನ ವೈದ್ಯರಿಗೆ ಅವು ತಿಳಿಯುತ್ತಿರಲಿಲ್ಲ. 2012ರಲ್ಲಿ ಜಪಾನಿನ ರಾಷ್ಟ್ರೀಯ ಭಾಷಾ ಸಂಶೋಧನ ಸಂಸ್ಥೆಯು ತೊಹೊಕು ನುಡಿಯ ಅನುಕರಣ ಶಬ್ದಗಳನ್ನು ಪ್ರಯೋಗಸಹಿತವಾಗಿ ಸಂಗ್ರಹಿಸಿ, ವೈದ್ಯಕೀಯ ಕಾರ್ಯಕರ್ತರ ಉಪಯೋಗಕ್ಕೆಂದು ಒಂದು ಪುಸ್ತಿಕೆಯನ್ನು ಹೊರತಂದಿತು. ರಾಷ್ಟ್ರವ್ಯಾಪಿಯಾದ ಜಪಾನಿಯಲ್ಲಿಯೇ ಮಿಡಿಯುವ ನೋವು ಜ಼ುಕಿಜ಼ುಕಿ, ಸೂಜಿ ಚುಚ್ಚಿದಂಥದು ಚಿಕುಚಿಕು, ಸುಟ್ಟ ಚರ್ಮದ ಉರಿ ಹಿರಿಹಿರಿ, ತಲೆಯೊಳಗೆ ಸುತ್ತಿಗೆ ಬಡಿದಂಥದು ಗನ್‌ಗನ್ ಎಂದು ಭೇದಗಳಿವೆ. ವೈದ್ಯನಿಗೆ ಆ ಭೇದಗಳೇ ರೋಗದ ಸೂಚನೆ.

ಕನ್ನಡದ ನೋವುಗಳಿಗೂ ಹೆಸರುಗಳ ಕೊರತೆಯಿಲ್ಲ. ಕ್ಷಣಮಾತ್ರ ಹೊಡೆದು ಹೋಗುವ ನೋವು ಚುಳ್ ಎನ್ನುತ್ತದೆ. ಗಾಯಕ್ಕೆ ಉಪ್ಪು ತಗುಲಿದರೆ ಚುರುಚುರು; ಹಸಿದ ಹೊಟ್ಟೆಯೂ ಚುರುಗುಟ್ಟುತ್ತದೆ. ರಕ್ತ ಹಿಡಿದ ಕಾಲು ಜುಮುಜುಮು. ಭಾರವಾದ ತಲೆ ಧಿಮ್ ಎನ್ನುತ್ತದೆ, ಸಿಡಿಯುವ ತಲೆ ಅದಲ್ಲ. ಕಿವಿ ಗುಂಯ್‌ಗುಡುತ್ತದೆ; ಹೊಟ್ಟೆ ಗುಡುಗುಡು ಎನ್ನುತ್ತದೆ. ಕಲಬುರಗಿಯ ಕಡೆಯ ವೃದ್ಧೆಯೊಬ್ಬಳು ‘ತಲಿ ಧಿಮ್ ಅಂತದ, ಎದಿ ಢವಢವ ಅಂತದ’ ಎಂದರೆ ಅಲ್ಲಿ ಎರಡು ಸ್ಪಷ್ಟವಾದ ಲಕ್ಷಣಗಳಿವೆ. ಇದೇ ಮಾತು ತೆಲುಗು ಬಲ್ಲ ದಾದಿಗೆ, ಇಂಗ್ಲಿಷಿನಲ್ಲಿ ಬರೆದುಕೊಳ್ಳುವ ವೈದ್ಯನಿಗೆ ಮಗನ ಅಥವಾ ಮೊಮ್ಮಗಳ ಬಾಯಿಂದ ತಲುಪಬೇಕಾಗಿರುವುದು ಹೈದರಾಬಾದಿನಂಥ ನಗರದ ಸಾಮಾನ್ಯ ಸ್ಥಿತಿ. ಮಧ್ಯದವನಿಗೆ ಆ ಶಬ್ದಗಳ ಭೇದ ಗೊತ್ತಿಲ್ಲದಿದ್ದರೆ ಕೊನೆಗೆ ತಲುಪುವುದು ‘ನೋವು’ ಎಂಬ ಒಂದೇ ಮಾತು. ಹೇಳಿದವಳು ಸರಿಯಾಗಿ ಹೇಳಿದ್ದಾಳೆ. ಕೇಳಿದವರು ಪೂರ್ತಿ ಕೇಳಿಲ್ಲ.

ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಎಂಬ ಸ್ಥಿತಿಯಲ್ಲಿ ಬೆಳೆಯುವ ಮಕ್ಕಳಿಗೆ ನಾಮಪದ ಕ್ರಿಯಾಪದಗಳನ್ನು ಪುಸ್ತಕದಿಂದ ಕಲಿಸಬಹುದು. ಧಿಮ್ ಎಂಬುದನ್ನೂ ಚುಳ್ ಎಂಬುದನ್ನೂ ಅಜ್ಜಿಯ ಬಳಿ ಕುಳಿತೇ ಕಲಿಯಬೇಕು. ಆದಕಾರಣ ಹೊರನಾಡಿನ ಕನ್ನಡ ಸಂಘಗಳಿಗೆ ಇಲ್ಲಿ ಒಂದು ಸ್ಪಷ್ಟವಾದ ಕೆಲಸವಿದೆ. ಮನೆಮನೆಗಳಿಂದ ಈ ಶಬ್ದಗಳನ್ನು ಸಂಗ್ರಹಿಸಬೇಕು. ಬರಿಯ ಪಟ್ಟಿ ಸಾಲದು. ಪ್ರತಿಯೊಂದು ಶಬ್ದಕ್ಕೂ ಅದು ಕಿವಿಯದೋ ಕಣ್ಣಿನದೋ ಮೂಗಿನದೋ ಚರ್ಮದ್ದೋ ಮನಸ್ಸಿನದೋ ಎಂಬುದು, ಒಮ್ಮೆಯದೋ ಬಿಡದೆ ಆಗುವುದೋ ಎಂಬುದು, ಯಾವ ಕ್ರಿಯಾಪದದೊಡನೆ ಬರುತ್ತದೆ, ಯಾವುದರೊಡನೆ ಬಾರದು ಎಂಬುದು, ಯಾವ ಊರಿನವರ ಬಾಯಲ್ಲಿ ಕೇಳಿದುದು ಎಂಬುದು ದಾಖಲಾಗಬೇಕು. ನೆರೆಯ ತೆಲುಗು, ದಖನಿ, ಮರಾಠಿ ರೂಪಗಳನ್ನು ಪಕ್ಕದಲ್ಲಿ ಬರೆದಿಟ್ಟರೆ ಯಾವುದು ಕೊಂಡದ್ದು, ಯಾವುದು ಕೊಟ್ಟದ್ದು ಎಂಬುದೂ ತಿಳಿದೀತು. ಐದು ನುಡಿಗಳನ್ನು ಒಂದೇ ಬೀದಿಯಲ್ಲಿ ಕೇಳುವ ಕಾಚಿಗೂಡದ ಕನ್ನಡಿಗನಿಗೆ ಈ ಕೆಲಸದಲ್ಲಿ ಒಳನಾಡಿನ ಪಂಡಿತನಿಗಿಲ್ಲದ ಅನುಕೂಲವಿದೆ.

ಶಾಲಾವ್ಯಾಕರಣದ ಲಕ್ಷಣವನ್ನು ತಿದ್ದುವುದು ಅದಕ್ಕಿಂತ ಸುಲಭದ ಕೆಲಸ. ಸದ್ದು, ನೋಟ, ಸ್ಪರ್ಶ, ಗಂಧ, ಭಾವ ಇವುಗಳ ಪರಿಯನ್ನು ರೂಢಿಯಿಂದ ನಿಂತ ಧ್ವನಿರೂಪದಲ್ಲಿ ಚಿತ್ರಿಸುವ ಶಬ್ದಗಳೆಂದು ಒಂದು ವಾಕ್ಯವನ್ನು ಬದಲಿಸಿದರೆ ಸಾಕು. ‘ಅರ್ಥವಿಲ್ಲದ’ ಎಂಬ ಒಂದು ವಿಶೇಷಣ ಪಠ್ಯದಿಂದ ಹೋದರೆ, ಆ ಪಾಠವನ್ನು ಓದುವ ಮಗುವಿಗೆ ತನ್ನ ಅಜ್ಜಿಯ ಮಾತಿನಲ್ಲಿ ಅರ್ಥವುಂಟೆಂಬುದು ಮೊದಲ ಸಲ ವ್ಯಾಕರಣದಿಂದಲೂ ತಿಳಿಯುತ್ತದೆ.